ಸ್ಲ್ಯಾಬ್ ಹಾಕಿದ ಭಾನುವಾರ

ಪಟ್ಟಿಯನ್ನು ಮೈಲಾರೇಶನೇ ಮಾಡಿದ್ದ. ಮಂಗಳೂರಿನಲ್ಲಿ ಎರಡು ದಿನ ಏನೇನು ನೋಡಬೇಕು, ಎಲ್ಲಿ ಉಣ್ಣಬೇಕು ಎಂಬುದನ್ನೆಲ್ಲ ಮೊಬೈಲಿನಲ್ಲಿ ಟೈಪು ಮಾಡಿ ಗೆಳೆಯರಿಗೆ ಕಳಿಸಿದ್ದ. ಶನಿವಾರ ಬೆಳಿಗ್ಗೆ ಕದ್ರಿ ದೇವಸ್ಥಾನ, ಮಧ್ಯಾಹ್ನ ಮೀನೂಟ, ಸಂಜೆ ಪಣಂಬೂರಿನಲ್ಲಿ ಹೊತ್ತು ಮುಳುಗುವುದು. ಭಾನುವಾರ ದೋಣಿಯಲ್ಲಿ ತಣ್ಣೀರುಬಾವಿ, ಆಮೇಲೆ ಗಡ್‌ಬಡ್ ಐಸ್‌ಕ್ರೀಮು, ಸಂಜೆಗೆ ವಾಪಸು ಬಸ್ಸು. ಎರಡನೇ ಶನಿವಾರ, ಭಾನುವಾರ ಜೋಡಿ ರಜೆ. ಒಂದು ಹೊತ್ತೂ ವ್ಯರ್ಥವಾಗದ ಹಾಗೆ ಅಳೆದು ಸುರಿದು ಮಾಡಿದ ಪಟ್ಟಿ.

ಪಟ್ಟಿಯಲ್ಲಿ ಅವನ ಅಣ್ಣ ಹುಲುಗೇಶ ಇರಲಿಲ್ಲ. ಹುಲುಗೇಶ ಮಂಗಳೂರಿಗೆ ಬಂದು ಎಂಟು ವರ್ಷವಾಗಿತ್ತು. ಕಟ್ಟಡದ ಕೆಲಸ. ಮರಳು ಹೊರುತ್ತಾನೆ, ಕಾಂಕ್ರೀಟು ಹೊರುತ್ತಾನೆ, ಕಬ್ಬಿಣ ಕಟ್ಟುತ್ತಾನೆ. ಹೆಂಡತಿ ಅಂಜಿನಕ್ಕನೂ ಅಲ್ಲೇ ಇಟ್ಟಿಗೆ ಹೊರುತ್ತಾಳೆ. ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಗುಡೇಕೋಟೆ ಕಡೆಯ ಹತ್ತು ಹದಿನೈದು ಮನೆಯವರು ಅದೇ ಶೆಡ್ಡಿನ ಸಾಲಿನಲ್ಲಿದ್ದಾರೆ. ಅಪ್ಪ ಸತ್ತಾಗ ಕುರಿಗಳನ್ನು ಮಾರಿ ಗುಳೆ ಬಂದವನು ಹುಲುಗೇಶ. ತಮ್ಮನನ್ನು ಹಾಸ್ಟೆಲ್ಲಿಗೆ ಹಾಕಿದವನೂ, ಎರಡು ವರ್ಷ ಧಾರವಾಡದಲ್ಲಿ ಕೂರಿಸಿ ಪರೀಕ್ಷೆಗೆ ಓದಿಸಿದವನೂ ಅವನೇ. ಮೈಲಾರೇಶ ಕೊಟ್ಟೂರಿನ ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಒಂದು ವರ್ಷವಾಗಿತ್ತು.

ಸೇರಿದ ಹೊಸದರಲ್ಲಿ ಚಹಾದಂಗಡಿಯ ಮುಂದೆ ಹಡಗಲಿಯ ಜಂಬುನಾಥ, "ಅಣ್ಣಾರು ಏನ್ಮಾಡ್ತಾರ?" ಎಂದು ಕೇಳಿದ್ದ.

"ಮಂಗಳೂರಾಗ ಅದಾನ. ಬಿಲ್ಡಿಂಗ್ ಕೆಲಸ."

"ಕಂಟ್ರಾಕ್ಟರೇನು?"

ಮೈಲಾರೇಶ ಚಹಾ ಕುಡಿದ. ಲೋಟ ಕೆಳಗಿಟ್ಟು "ಹೂಂ" ಅಂದ. ಅಷ್ಟೇ. ಸುಳ್ಳು ಹೇಳಬೇಕೆಂದು ಮನೆಯಿಂದ ತಯಾರಾಗಿ ಬಂದಿರಲಿಲ್ಲ. ಎದುರಿನವನು ಕುರ್ಚಿ ಎಳೆದುಕೊಟ್ಟ, ಇವನು ಕುಳಿತುಬಿಟ್ಟ. ಆಮೇಲೆ ಏಳಲು ಆಗಲಿಲ್ಲ. ತಿಂಗಳು ಕಳೆದಂತೆ ಜಂಬುನಾಥನೇ ಆ ಕಂಟ್ರಾಕ್ಟರನನ್ನು ದೊಡ್ಡವನನ್ನಾಗಿ ಬೆಳೆಸಿದ. "ನಮ್ಮ ಮೈಲಾರಿಗೇನು ಕಡಿಮಿ, ಅವರಣ್ಣ ಮಂಗಳೂರಾಗ ದೊಡ್ಡ ಕಂಟ್ರಾಕ್ಟರ" ಎಂದು ಬಂದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದ. ಮಂಗಳೂರಿಗೆ ಹೋಗೋಣ ಎಂಬ ಮಾತು ಹುಟ್ಟಿದ್ದೂ ಅದರಿಂದಲೇ.

ಗುರುವಾರ ಹುಲುಗೇಶ ಫೋನು ಮಾಡಿದ. ಊರಲ್ಲಿ ಅವ್ವ ಹೇಳಿದ್ದಳಂತೆ.

"ಬರಾಕ ಹತ್ತೀಯಂತಲ್ಲೋ ತಮ್ಮಾ! ಶೆಡ್ಡಿಗೆ ಬಾ. ನಿಮ್ಮ ಅತ್ತಿಗಿ ರೊಟ್ಟಿ ಮಾಡ್ತೀನಿ ಅಂತ ಕುಣ್ಯಾಕ ಹತ್ಯಾಳ."

"ಟೈಮ್ ಸಿಗಂಗಿಲ್ಲಣ್ಣ. ಆಫೀಸಿನವ್ರು ಇರ್ತಾರ. ನೋಡ್ತೀನಿ."

"ಅವರ್ನೂ ಕರ್ಕಂಬಾ."

"ನೋಡ್ತೀನಿ ಅಂದ್ನೆಲ್ಲ."

ಶನಿವಾರ ಬೆಳಿಗ್ಗೆ ಬಸ್ಸಿಳಿದಾಗ ಮೂವರ ಅಂಗಿಯೂ ಬೆನ್ನಿಗೆ ಅಂಟಿಕೊಂಡಿತ್ತು. ಜಂಬುನಾಥ, ಮೈಲಾರೇಶ, ಇನ್ನೊಬ್ಬ ಇಸ್ರಾರ. ಇಸ್ರಾರ ಹರಪನಹಳ್ಳಿಯವನು, ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರು, ಪಿಂಚಣಿಯವರ ಹೆಬ್ಬೆಟ್ಟು ತೆಗೆದುಕೊಳ್ಳುವ ಕೆಲಸ. ಅವನ ಅಪ್ಪ ದಾವಲ್ ಸಾಬ್ ಅವರದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಇಸ್ರಾರನದು ಮಾತು ಕಡಿಮೆ, ಕಣ್ಣು ಜಾಸ್ತಿ.

ಕದ್ರಿ ನೋಡಿದರು. ಮಧ್ಯಾಹ್ನ ಮೀನಿನ ಹೋಟೆಲಿನಲ್ಲಿ ಸಪ್ಲೈ ಮಾಡುವವನು ಬಂದು "ಎಂತ ಬೇಕು? ಬಂಗುಡೆ ಉಂಟು, ಅಂಜಲ್ ಉಂಟು" ಎಂದಾಗ ಜಂಬುನಾಥ, "ಮುಳ್ಳಿಲ್ಲದ್ದು ಯಾವ್ದೈತಿ ಅದನ್ನ ಕೊಡಪಾ" ಅಂದ.

ಸಪ್ಲೈಯವನು ನಕ್ಕ. "ಘಟ್ಟದವರಾ?"

"ಹೆಂಗ ಗೊತ್ತಾತು?"

"ಮುಳ್ಳಿಗೆ ಹೆದರುವುದು ನೋಡಿ ಗೊತ್ತಾಯ್ತು. ಇಲ್ಲಿ ಕೆಲಸಕ್ಕೆ ತುಂಬಾ ಜನ ಇದ್ದಾರಲ್ಲ ನಿಮ್ಮ ಕಡೆಯವರು. ಬಿಲ್ಡಿಂಗಿಗೆಲ್ಲ ಅವರೇ."

"ಇವರಣ್ಣ ಬಿಲ್ಡಿಂಗ್ ಕಂಟ್ರಾಕ್ಟರ ಇಲ್ಲಿ" ಎಂದು ಜಂಬುನಾಥ ಮೈಲಾರೇಶನ ಭುಜ ತಟ್ಟಿದ. ಸಪ್ಲೈಯವನು ಮೈಲಾರೇಶನನ್ನು ಒಮ್ಮೆ ನೋಡಿ, "ಹೌದಾ" ಎಂದು ಒಳಗೆ ಹೋದ. ಮೈಲಾರೇಶನ ತಟ್ಟೆಯಲ್ಲಿ ಮೀನಿನ ಮುಳ್ಳು ಎಷ್ಟು ಬಿಡಿಸಿದರೂ ಮುಗಿಯಲಿಲ್ಲ.

"ಅಲ್ಲಲೇ, ಅಣ್ಣಾರು ಎಲ್ಲಿ? ಫೋನ್ ಹಚ್ಚು. ನಾವು ಬಂದೀವಿ ಅನ್ನು" ಎಂದ ಜಂಬುನಾಥ.

"ಉಡುಪಿ ಸೈಟಿಗೆ ಹೋಗ್ಯಾನ. ಬರಾದು ಗ್ಯಾರಂಟಿ ಇಲ್ಲ."

ಸಂಜೆ ಸಮುದ್ರ ನೋಡಿದರು. ಜಂಬುನಾಥ ಪ್ಯಾಂಟು ಮೊಣಕಾಲಿನ ತನಕ ಏರಿಸಿ, ಅಲೆ ಬಂದಾಗಲೆಲ್ಲ ಹೋ ಎಂದು ಹಿಂದಕ್ಕೆ ಓಡಿದ. ಇಸ್ರಾರ ಒಂದು ಬೆರಳು ನೀರಿನಲ್ಲಿ ಅದ್ದಿ ನಾಲಿಗೆಗೆ ಇಟ್ಟು ಮುಖ ಕಿವುಚಿದ. ಹೊತ್ತು ಮುಳುಗುವುದನ್ನು ಮೂವರೂ ಮೊಬೈಲಿನಲ್ಲಿ ಹಿಡಿದರು. ಮೈಲಾರೇಶನ ಮನಸ್ಸು ಹಗುರಾಗಿತ್ತು. ಒಂದು ದಿನ ದಾಟಿತ್ತು. ಇನ್ನೊಂದು ದಿನ ದಾಟಿದರೆ ಆಯಿತು.

ಲಾಡ್ಜಿನ ಬೀದಿಗೆ ಬಂದಾಗ ಜಂಬುನಾಥನೂ ಇಸ್ರಾರನೂ ಮೂಲೆಯ ಅಂಗಡಿಯಲ್ಲಿ ಗೋಳಿಬಜೆಗೆ ನಿಂತರು. ಮೈಲಾರೇಶ ಕೈಕಾಲು ತೊಳೆಯಬೇಕೆಂದು ಮುಂದೆ ಬಂದ. ಲಾಡ್ಜಿನ ಗೇಟಿನಲ್ಲಿ ವಾಚ್‌ಮನ್ ಯಾರನ್ನೋ ತಡೆದು ನಿಲ್ಲಿಸಿಕೊಂಡಿದ್ದ. ಲುಂಗಿ, ಬಣ್ಣಗೆಟ್ಟ ಟೀಶರ್ಟು, ಪಾದದ ತುಂಬ ಒಣಗಿದ ಸಿಮೆಂಟು, ಕಂಕುಳಲ್ಲಿ ಬಿಳಿ ಅರಿವೆಯ ಗಂಟು.

"ನಮ್ಮ ತಮ್ಮ ಬಂದಾನ್ರಿ ಇಲ್ಲಿ. ಸಾಹೇಬ ಅದಾನ ಅವನು" ಅನ್ನುತ್ತಿದ್ದ ಹುಲುಗೇಶ.

ಮೈಲಾರೇಶ ಅವನ ರಟ್ಟೆ ಹಿಡಿದು ಪಕ್ಕದ ಸಂದಿಗೆ ಎಳೆದುಕೊಂಡು ಹೋದ. ಹುಲುಗೇಶ ನಗುತ್ತಲೇ ಬಂದ. ಎಂಟು ತಿಂಗಳಾಗಿತ್ತು ಇಬ್ಬರೂ ಮುಖ ನೋಡಿ.

"ಲಾಡ್ಜು ಹೆಂಗ ಗೊತ್ತಾತು?"

"ನೀನ ಅವ್ವಗ ಹಾಕಿದ ಫೋಟೋ ಅಕಿ ನಂಗೂ ಕಳಿಸಿದ್ಲು, ಬೋರ್ಡ್ ಇತ್ತು ಹಿಂದ. ನಮ್ಮ ಓಬಳೇಶಪ್ಪ ಓದಿ ಹೇಳಿದ. ಯಾಕೋ, ಸಣ್ಣಗಾಗೀಯಲ್ಲ?"

ಮೈಲಾರೇಶ ಹೇಳಿಬಿಟ್ಟ. ಹೇಳುವುದು ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೇಳುವಾಗ ಅಣ್ಣನ ಮುಖ ನೋಡದೆ ಅವನ ಪಾದ ನೋಡುತ್ತಿದ್ದ. ಹೆಬ್ಬೆರಳಿನ ಉಗುರು ಇರಲಿಲ್ಲ, ಯಾವಾಗಲೋ ಕಲ್ಲು ಬಿದ್ದು ಹೋಗಿತ್ತು. ಅದು ತನಗೆ ಗೊತ್ತೇ ಇರಲಿಲ್ಲ ಎಂಬುದು ಆಗ ಗೊತ್ತಾಯಿತು.

ಹುಲುಗೇಶ ಗಂಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿಕೊಂಡ. ಆಮೇಲೆ ನಕ್ಕ.

"ಕಂಟ್ರಾಕ್ಟರ? ಮೇಸ್ತ್ರಿ ಅಂದ್ರ ಆಗ್ತಿತ್ತಲ್ಲೋ. ಒಮ್ಮಿಗೇ ಅಷ್ಟು ಮ್ಯಾಲೆ ಏರಿಸಿಬಿಟ್ಟೀಯಲ್ಲ ನನ್ನ."

"ಅಣ್ಣಾ, ನೀ ನಾಳಿ ಬರಬ್ಯಾಡ."

"ಬಂದಾರ ಮುಂದ ಇಲ್ಲ ಅಂದ್ರ ಹೆಂಗೋ. ಅಣ್ಣ ಇದ್ದೂ ಮುಖ ತೋರಿಸಲಿಲ್ಲ ಅಂದ್ರ ನಿಂಗ ಮರ್ಯಾದಿ ಇರ್ತತೇನು? ಒಂದಿನದ್ದು, ಆಗಣ ಬಿಡು ಕಂಟ್ರಾಕ್ಟರ. ನಮ್ಮ ಸಾಹುಕಾರನ್ನ ಎಂಟು ವರ್ಷ ನೋಡೀನಿ, ಅವ ಹೆಂಗ ನಿಲ್ತಾನ, ಹೆಂಗ ಕ್ಯಾಕರಿಸ್ತಾನ, ಎಲ್ಲ ಬರ್ತತಿ ನಂಗ." ಗಂಟನ್ನು ತಮ್ಮನ ಕೈಗಿಟ್ಟ. "ರೊಟ್ಟಿ, ಶೇಂಗಾ ಚಟ್ನಿ. ಎಲ್ಲಾರೂ ಉಣ್ರಿ."

ಅವನು ಸಂದಿಯಿಂದ ಹೊರಬಿದ್ದು ಬೀದಿ ಹಿಡಿಯುವುದಕ್ಕೂ ಜಂಬುನಾಥ, ಇಸ್ರಾರ ಗೋಳಿಬಜೆಯ ಪೊಟ್ಟಣ ಹಿಡಿದು ಬರುವುದಕ್ಕೂ ಸರಿಹೋಯಿತು.

"ಯಾರಲೇ ಅದು?"

"ಅಣ್ಣನ ಸೈಟಿನ ಲೇಬರ್. ರೊಟ್ಟಿ ಕಳಿಸ್ಯಾನ ಅಣ್ಣ."

ಹುಲುಗೇಶ ಇಪ್ಪತ್ತು ಹೆಜ್ಜೆಯೂ ಹೋಗಿರಲಿಲ್ಲ. ಕೇಳಿಸಿತೋ ಇಲ್ಲವೋ. ನಡಿಗೆಯೇನೂ ಬದಲಾಗಲಿಲ್ಲ. ಆ ರೊಟ್ಟಿಯನ್ನು ಜಂಬುನಾಥ ನಾಲ್ಕು ತಿಂದ. ಮೈಲಾರೇಶ ಮೀನೂಟ ಇನ್ನೂ ಕರಗಿಲ್ಲ ಅಂದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಂಟ್ರಾಕ್ಟರ್ ಬಂದ.

ಬಿಳಿ ಅಂಗಿ, ಕರಿ ಪ್ಯಾಂಟು, ಕಿಸೆಯಲ್ಲಿ ಎರಡು ಪೆನ್ನು. ಅಂಗಿ ಮೇಸ್ತ್ರಿಯದು, ತೋಳು ಒಂದು ಗೇಣು ಉದ್ದವಾಗಿ ಅಂಗೈಯನ್ನು ಮುಚ್ಚುತ್ತಿತ್ತು. ಅದೇ ಒಳ್ಳೆಯದಾಗಿತ್ತು. ಭಾನುವಾರ ಮೈಲಾರಲಿಂಗನ ವಾರ, ಊರಲ್ಲಿರಲಿ ಗುಳೆಯಲ್ಲಿರಲಿ ಅವರ ಮನೆಯವರು ಹಣೆಗೆ ಅರಿಸಿನದ ಭಂಡಾರ ಹಚ್ಚದೆ ಹೊರಬೀಳುವುದಿಲ್ಲ. ಹುಲುಗೇಶ ಬೆಳಿಗ್ಗೆ ಹಚ್ಚಿ, ದಾರಿಯಲ್ಲಿ ಏನನ್ನಿಸಿತೋ ಒರೆಸಿಕೊಂಡಿದ್ದ. ಹುಬ್ಬಿನ ಕೂದಲಲ್ಲಿ ಹಳದಿ ಉಳಿದಿತ್ತು.

"ನಮಸ್ಕಾರ್ರೀ ಅಣ್ಣಾರ" ಎಂದು ಜಂಬುನಾಥ ಎರಡೂ ಕೈಯಿಂದ ಅವನ ಕೈ ಹಿಡಿದ. ಇಸ್ರಾರನೂ ಕೈ ಕುಲುಕಿದ. ಕುಲುಕಿ, ಒಂದು ಕ್ಷಣ ಹೆಚ್ಚಿಗೆ ಹಿಡಿದುಕೊಂಡು, ಬಿಟ್ಟ.

ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿದರು. ಆಚೆ ದಡ ಐದೇ ನಿಮಿಷ. ದೋಣಿ ಅಲುಗಿದಾಗ ಹುಲುಗೇಶ ಪಕ್ಕದ ಕಂಬಿಯನ್ನು ಗಟ್ಟಿಯಾಗಿ ಹಿಡಿದ. ಕಣ್ಣು ದೊಡ್ಡದಾಗಿತ್ತು. ನೀರು ನೋಡಿದ, ದೂರದ ಹಡಗು ನೋಡಿದ, ತಲೆಯ ಮೇಲೆ ಹಾರಿದ ಹಕ್ಕಿ ನೋಡಿದ. ನಗು ತಡೆಯಲಾಗದೆ ತಮ್ಮನ ಕಡೆ ತಿರುಗಿ, ತಟ್ಟನೆ ನೆನಪಾಗಿ, ಮುಖ ಬಿಗಿ ಮಾಡಿಕೊಂಡ. ಕಂಟ್ರಾಕ್ಟರನಾದವನು ಇದನ್ನೆಲ್ಲ ನೂರು ಸಲ ನೋಡಿರಬೇಕಲ್ಲ.

ಎಂಟು ವರ್ಷದಲ್ಲಿ ಇದು ಅವನ ಮೊದಲ ದೋಣಿ ಎಂದು ಮೈಲಾರೇಶನಿಗೆ ಅರ್ಥವಾಯಿತು. ಕದ್ರಿಗೂ ಹೋಗಿರಲಿಕ್ಕಿಲ್ಲ. ತಾನು ಮೊಬೈಲು ನೋಡಿ ಅರ್ಧ ಗಂಟೆಯಲ್ಲಿ ಮಾಡಿದ ಪಟ್ಟಿಯಲ್ಲಿ ಅಣ್ಣ ನೋಡಿದ್ದು ಒಂದೂ ಇರಲಿಲ್ಲ.

ತಣ್ಣೀರುಬಾವಿಯ ಮರಳಿನಲ್ಲಿ, ಗಾಳಿಮರದ ನೆರಳಲ್ಲಿ ಕುಳಿತರು. ಜಂಬುನಾಥ ಮಾತು ತೆಗೆದ.

"ಅಣ್ಣಾರ, ಲೇಬರ್ ಎಲ್ಲ ನಮ್ಮ ಕಡಿಯಾರ ಅಂತಲ್ರಿ? ಹೆಂಗ ನಿಭಾಯಿಸ್ತೀರಿ?"

ಹುಲುಗೇಶ ಗಂಟಲು ಸರಿಮಾಡಿಕೊಂಡ. ಎರಡೂ ಕೈ ಪ್ಯಾಂಟಿನ ಕಿಸೆಗೆ ಹಾಕಿದ. ಆಮೇಲೆ ಅವನ ಬಾಯಿಂದ ಬೇರೆ ಯಾರದೋ ದನಿ ಬಂತು.

"ಏನ್ ಕೇಳ್ತೀರಿ ಸಾರ್. ಘಟ್ಟದ ಲೇಬರ್ ಅಂದ್ರ ತಲಿನೋವು. ಕಣ್ಣು ತಪ್ಪಿಸಿದ್ರ ಕುಂದರ್ತಾವ. ವಾರಕ್ಕೊಮ್ಮಿ ಬಟವಾಡೆ ಆದ್ರ ಕುಡದು ಬೀಳ್ತಾವ. ಜ್ವರ ಅಂತಾವ, ಹಬ್ಬ ಅಂತಾವ, ಅವ್ವ ಸತ್ಲು ಅಂತಾವ. ಒಬ್ಬೊಬ್ಬನ ಅವ್ವ ನಾಕ್ನಾಕ್ ಸಲ ಸಾಯ್ತಾಳ. ಬೈದ್ರ ಬಾಗ್ತಾವ, ಇಲ್ಲಾಂದ್ರ ಇಲ್ಲ."

ಜಂಬುನಾಥ ಬಿದ್ದು ಬಿದ್ದು ನಕ್ಕ. ಹುಲುಗೇಶನೂ ನಕ್ಕ. ಆ ನಗೆಯೂ ಸಾಹುಕಾರನದೇ ಇರಬೇಕು. ಹುಲುಗೇಶ ಹನಿ ಮುಟ್ಟಿದವನಲ್ಲ. ಅಪ್ಪನ ತಿಥಿಗೆ ಊರಿಗೆ ಬರಲು ಎರಡು ವರ್ಷದ ಕೆಳಗೆ ರಜೆ ಕೇಳಿದಾಗ, "ನಿನ್ನಪ್ಪ ಎಷ್ಟು ಸಲ ಸಾಯ್ತಾನೆ" ಎಂದು ಅವನಿಗೆ ಯಾರೋ ಅಂದದ್ದನ್ನು ಅಂಜಿನಕ್ಕ ಫೋನಿನಲ್ಲಿ ಹೇಳಿ ಅತ್ತಿದ್ದಳು. ಆಗ ಮೈಲಾರೇಶ ಧಾರವಾಡದ ರೂಮಿನಲ್ಲಿ ಪುಸ್ತಕದ ಮುಂದೆ ಕುಳಿತಿದ್ದ. ಈಗ ಅವನು ಮರಳಿನಲ್ಲಿ ಬೆರಳಾಡಿಸುತ್ತ, ಸಾಕು ನಿಲ್ಲಿಸು ಎಂದು ಅಣ್ಣನಿಗೆ ಕಣ್ಣಲ್ಲಿ ಹೇಳಲು ನೋಡಿದ. ಅಣ್ಣ ಅದನ್ನು ಬೇರೆ ರೀತಿ ಓದಿದ. ಇನ್ನೂ ಚೆನ್ನಾಗಿ ಮಾಡು ಅನ್ನುತ್ತಿದ್ದಾನೆ ಅಂದುಕೊಂಡು ಮೇಲಿನ ಗುಂಡಿ ಬಿಚ್ಚಿ ಎದೆಯುಬ್ಬಿಸಿದ.

ವಾಪಸು ದೋಣಿ ಇಳಿದಾಗ ಜಂಬುನಾಥ ಬಾಂಬು ಹಾಕಿದ.

"ಅಣ್ಣಾರ, ಐಸ್‌ಕ್ರೀಮು ಎಲ್ಲೂ ಓಡಿ ಹೋಗಂಗಿಲ್ಲ. ನಿಮ್ಮದೊಂದು ಬಿಲ್ಡಿಂಗು ತೋರಿಸ್ರಿ ನಮಗ. ಮೈಲಾರಿ ಪಟ್ಟಿಯಾಗ ಅದನ್ನ ಬರದೇ ಇಲ್ಲ."

"ಇವತ್ತು ಬ್ಯಾಡ, ಬಿಸಿಲೈತಿ" ಎಂದ ಮೈಲಾರೇಶ.

ಹುಲುಗೇಶ ತಮ್ಮನನ್ನು ನೋಡಿದ, ಜಂಬುನಾಥನನ್ನು ನೋಡಿದ. ಮುಖದಲ್ಲಿ ಏನೋ ಆಸೆ ಓಡಾಡಿತು. "ಹತ್ರನ ಐತಿ, ಬರ್ರಿ" ಅಂದ.

ನಡೆಯುವಾಗ ತಮ್ಮನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ. "ಇವತ್ತು ಸ್ಲ್ಯಾಬಿತ್ತು. ಆರಕ್ಕ ಶುರು ಆದ್ರ ಹನ್ನೊಂದಕ್ಕೆ ಮುಗಿತತಿ. ಈಗ ಹನ್ನೆರಡಾತು, ಎಲ್ಲಾರೂ ಹಿಂದ ಉಣ್ಣಾಕ ಕುಂತಿರ್ತಾರ. ರೋಡಿನ ಈ ಕಡೆ ನಿಂತು ತೋರಿಸಿ ಹೊಳ್ಳಿ ಬರಣ. ನೀನೂ ನೋಡಿಲ್ಲಲ್ಲೋ ನಾ ಕಟ್ಟಿದ್ದು."

ಸ್ಲ್ಯಾಬಿನ ದಿನ ಒಬ್ಬ ಆಳೂ ತಪ್ಪಿಸುವಂತಿಲ್ಲ ಎಂಬುದು ಮೈಲಾರೇಶನಿಗೂ ಗೊತ್ತಿತ್ತು. ಆ ದಿನವೇ ಅಣ್ಣ ಇಲ್ಲಿ ಬಿಳಿ ಅಂಗಿ ಹಾಕಿಕೊಂಡು ಓಡಾಡುತ್ತಿದ್ದ.

ಅದು ನಾಲ್ಕು ಮಹಡಿಯ ಕಟ್ಟಡ. ಹಸಿರು ಪರದೆ, ಕೊಂಬೆಗಳ ಹಾಗೆ ಮೇಲಕ್ಕೆ ಚಾಚಿದ ಕಬ್ಬಿಣ. ರಸ್ತೆಯ ಈಚೆ ಹಲಸಿನ ಮರದ ಕೆಳಗೆ ನಾಲ್ವರೂ ನಿಂತರು. ಹುಲುಗೇಶ ಕಿಸೆಯಿಂದ ಕೈ ತೆಗೆದು ತೋರಿಸತೊಡಗಿದ. ಈ ಮೂಲೆ ಕಂಬದ ಗುಂಡಿಯಲ್ಲಿ ನೀರು ಬಂತು, ಮೂರು ದಿನ ಪಂಪು ಹಚ್ಚಿ ತೆಗೆದೆವು. ಎರಡನೇ ಮಹಡಿ ಮಳೆಯಲ್ಲಿ ಹಾಕಿದ್ದು, ತಾಡಪಾಲು ಹಿಡಿದುಕೊಂಡೇ ನಿಂತಿದ್ದೆವು. ಆ ಬಾಲ್ಕನಿಯ ಕಬ್ಬಿಣ ಕಟ್ಟುವಾಗ ಎಂಜಿನಿಯರನೇ ತಪ್ಪು ಹೇಳಿದ್ದ, ಹೀಗಲ್ಲ ಹಾಗೆ ಎಂದು ನಾನು ಹೇಳಿದ ಮೇಲೆ ಬಿಚ್ಚಿ ಕಟ್ಟಿಸಿದರು. ಈಗ ಮಾತಾಡುತ್ತಿದ್ದ ದನಿ ಸಾಹುಕಾರನದಾಗಿರಲಿಲ್ಲ. ಇಸ್ರಾರ ತಲೆ ಎತ್ತಿ ಅವನು ತೋರಿಸಿದ್ದನ್ನೆಲ್ಲ ನೋಡುತ್ತಿದ್ದ. ಮೈಲಾರೇಶನ ಕಣ್ಣು ಮಾತ್ರ ಮಹಡಿಯ ತುದಿಯಲ್ಲಿತ್ತು. ಅಲ್ಲಿ ತಲೆಗಳು ಅಲುಗಾಡುತ್ತಿದ್ದವು. ಮಿಕ್ಸರಿನ ಗರಗರ ನಿಂತಿರಲೇ ಇಲ್ಲ. ಬೆಳಿಗ್ಗೆ ಮಿಕ್ಸರು ಕೆಟ್ಟು ಮೂರು ತಾಸು ಕೆಲಸ ನಿಂತಿತ್ತು ಎಂಬುದು ಆಮೇಲೆ ತಿಳಿಯಿತು.

ಮೇಲೆ ಒಬ್ಬ ಮುದುಕ ಕಾಂಕ್ರೀಟಿನ ಬಾಂಡ್ಲಿ ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ರಸ್ತೆ ಕಡೆ ನೋಡಿದ. ಹಣೆ ತುಂಬ ಭಂಡಾರ. ಗುಡೇಕೋಟೆಯ ಓಬಳೇಶಪ್ಪ. ಅವನು ಎರಡೂ ಕೈ ಮೇಲೆತ್ತಿದ.

"ಏಳುಕೋಟಿ, ಏಳುಕೋಟಿ, ಏಳುಕೋಟಿಗೋ!"

ಮೈಲಾರನ ಒಕ್ಕಲಲ್ಲಿ ಈ ಕೂಗು ಕಿವಿಗೆ ಬಿದ್ದ ಮೇಲೆ ಉತ್ತರ ಕೊಡದೆ ಇರುವುದಿಲ್ಲ. ಉಣ್ಣುತ್ತಿದ್ದರೂ ತುತ್ತು ಬಿಟ್ಟು ಕೊಡುತ್ತಾರೆ, ಜಗಳವಾಡುತ್ತಿದ್ದರೂ ನಿಲ್ಲಿಸಿ ಕೊಡುತ್ತಾರೆ. ಹುಟ್ಟಿದ ಮಗುವಿಗೆ ಅವ್ವ ಅನ್ನುವುದಕ್ಕೂ ಮೊದಲು ಕಲಿಸುವ ಮಾತು ಅದು. ಹುಲುಗೇಶನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಮೇಸ್ತ್ರಿಯ ಉದ್ದ ತೋಳು ಮೊಣಕೈ ತನಕ ಜಾರಿ, ಸಿಮೆಂಟು ತಿಂದ ಬೆರಳುಗಳು ಬಿಸಿಲಿಗೆ ಬಂದವು.

"ಛಾಂಗಮಲೋ!"

ರಸ್ತೆಯಲ್ಲಿ ಹೋಗುತ್ತಿದ್ದ ಸ್ಕೂಟರಿನವರು ತಿರುಗಿ ನೋಡಿದರು. ಅದೇ ಉಸಿರಿನಲ್ಲಿ ಜಂಬುನಾಥನೂ ಕೈ ಎತ್ತಿ ಕೂಗಿದ್ದ. ಮೈಲಾರಲಿಂಗನ ಊರು ಮೈಲಾರ ಅವನದೇ ತಾಲ್ಲೂಕು. ಇಸ್ರಾರನ ತುಟಿಯೂ ಅಲುಗಿತು. ಪ್ರತಿ ವರ್ಷ ಮೈಲಾರದ ಜಾತ್ರೆಯಲ್ಲಿ ಬಳೆ ಅಂಗಡಿ ಹಾಕುವ ಚಿಕ್ಕಮ್ಮ ಮುನ್ನೀ ಬೀ ಜೊತೆ ಅವನು ಸಣ್ಣವನಿದ್ದಾಗಿನಿಂದ ಹೋದವನು.

ಕೂಗದೆ ಉಳಿದವನು ಮೈಲಾರೇಶ ಒಬ್ಬನೇ. ಹರಕೆ ಹೊತ್ತು ಹಡೆದು, ದೇವರ ಹೆಸರನ್ನೇ ಇಟ್ಟ ಮಗ. ಅವನು ಮೊಬೈಲು ತೆಗೆದು ಅದರಲ್ಲಿ ಏನೋ ಹುಡುಕುತ್ತಿದ್ದ. ಪಟ್ಟಿ ತೆರೆದುಕೊಂಡಿತ್ತು.

"ಹುಲುಗ್ಯಾ!" ಓಬಳೇಶಪ್ಪನ ದನಿ ಮತ್ತೆ ಬಂತು. "ಮದುಮಗ ಆಗೀಯೇನಲೇ! ಮಿಕ್ಸರ್ ಕೆಟ್ಟು ಅರ್ಧ ಸ್ಲ್ಯಾಬ್ ಹಂಗ ಕುಂತೈತಿ, ನಿನ್ನ ಬಾಂಡ್ಲಿನೂ ನಾನ ಹೊರಾಕ ಹತ್ತೀನಿ! ನಿನ್ ಹೆಂಡ್ತಿ ಎರಡಾಳಿನ ಕೆಲಸ ಮಾಡಾಕ ಹತ್ಯಾಳ! ಬರ್ತೀಯೋ ಇಲ್ಲೋ?"

ಹುಲುಗೇಶ ಕೈ ಇಳಿಸಿದ. ತೋಳು ಮತ್ತೆ ಜಾರಿ ಅಂಗೈ ಮುಚ್ಚಿತು. ತಮ್ಮನನ್ನು ನೋಡಲು ತಿರುಗಿದವನು, ನೋಡದೆ ಜಂಬುನಾಥನ ಅಂಗಿಯ ಗುಂಡಿಗಳನ್ನು ನೋಡುತ್ತ ಹೇಳಿದ.

"ಸ್ಲ್ಯಾಬ್ ಅರ್ಧಕ್ಕ ನಿಲ್ಲಿಸಾಕ ಬರಂಗಿಲ್ರಿ ಸಾರ್. ಜೋಡಣಿ ಬಿದ್ದು ಸೋರ್ತತಿ. ಹೋಗ್ಬೇಕು."

ಅಲ್ಲೇ ಅಂಗಿ ಬಿಚ್ಚಿದ. ಒಳಗೆ ನಿನ್ನೆಯದೇ ಟೀಶರ್ಟು ಇತ್ತು. ಅಂಗಿಯನ್ನು ಕೊಳೆಯಾಗದ ಹಾಗೆ ಒಳಮೈ ಹೊರಗೆ ಮಾಡಿ ಮಡಚಿ, ಕಂಕುಳಲ್ಲಿಟ್ಟುಕೊಂಡು, ವಾಹನ ನೋಡಿ ರಸ್ತೆ ದಾಟಿದ.

ಸ್ವಲ್ಪ ಹೊತ್ತಿಗೆ ಮೇಲಿನ ಸಾಲಿನಲ್ಲಿ ಅವನು ಕಾಣಿಸಿದ. ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಅವನ ಮುಂದೆ ತಲೆಗೆ ಟವೆಲು ಸುತ್ತಿದ ಅಂಜಿನಕ್ಕ. ಅವಳು ರಸ್ತೆ ಕಡೆ ನೋಡಿ, ಮೈದುನನನ್ನು ಗುರುತು ಹಿಡಿದು, ಕೈ ಬಿಡುವಿಲ್ಲದ್ದಕ್ಕೆ ತಲೆಯನ್ನಷ್ಟೇ ಜೋರಾಗಿ ಅಲುಗಾಡಿಸಿದಳು. ಓಬಳೇಶಪ್ಪನಂತೂ ತುದಿಗೇ ಬಂದ.

"ಓಹೋ, ಇವ್ರನ ಏನು ಸಾಹೇಬ್ರು! ಬರ್ರಿ ಮ್ಯಾಲಕ್ಕ! ಸ್ಲ್ಯಾಬಿನ ಊಟ ಐತಿ ಇವತ್ತು, ಮಟನ್ ಮಾಡಿಸ್ಯಾರ! ನಿಮ್ಮಣ್ಣ ದಿನಾ ನಿಮ್ಮ ಹೆಸರು ಹೇಳಿ ಕಿವಿ ತೂತು ಮಾಡ್ಯಾನ ನಮ್ದು! ಉಂಡು ಹೋಗ್ರಿ!"

"ಬಸ್ಸಿಗೆ ಟೈಮಾತ್ರಿ!" ಎಂದು ಮೈಲಾರೇಶ ಕೂಗಿದ.

ಆಗ ಬಾಯಿ ಬಂತು ಅವನಿಗೆ. ಜಂಬುನಾಥ ಕೈ ಎತ್ತಿ ಗಡಿಯಾರ ನೋಡಿಕೊಂಡ. ಹನ್ನೆರಡೂವರೆ. ಬಸ್ಸು ಏಳಕ್ಕೆ.

ಪಟ್ಟಿಯಲ್ಲಿ ಗಡ್‌ಬಡ್ ಉಳಿದಿತ್ತು. ಬೇರೆ ಏನು ಮಾಡಬೇಕೆಂದು ತೋಚದೆ ಹೋಗಿ ಕುಳಿತರು. ಎತ್ತರದ ಗಾಜಿನ ಲೋಟದಲ್ಲಿ ಕೆಂಪು, ಹಸಿರು, ಬಿಳಿ ಒಂದರ ಮೇಲೊಂದು. ಜಂಬುನಾಥ ಚಮಚದಿಂದ ತಳದ ತನಕ ಕಲಸಿದ, ತಿನ್ನಲಿಲ್ಲ.

"ನನಗ ಬೆಳಿಗ್ಗಿನ ಗೊತ್ತಾತು" ಎಂದ ಇಸ್ರಾರ ಕೊನೆಗೆ. "ಕೈ ಹಿಡದ್ನೆಲ್ಲ. ದಿನಾ ಹೆಬ್ಬೆಟ್ಟು ತಗೊಳ್ಳಾರು ನಾವು. ಗೆರಿ ಸವದ ಹೆಬ್ಬೆಟ್ಟು ಯಾರ್ದು ಅಂತ ಕಣ್ಣು ಮುಚ್ಚಿ ಹೇಳ್ತೀನಿ. ನಿನ್ನೆ ಸಂದ್ಯಾಗಿಂದ ಹೋದ ಲೇಬರ್‌ದೂ ಇದೇ ನಡಗಿ."

ಮೈಲಾರೇಶ ಮೇಜಿನ ಮೇಲೆ ಬಿದ್ದ ಹನಿಯನ್ನು ಬೆರಳಿನಿಂದ ಒರೆಸಿದ.

"ಮತ್ತ ಯಾಕ ಹೇಳಲಿಲ್ಲಲೇ ನಂಗ?" ಎಂದ ಜಂಬುನಾಥ.

"ಅವ್ರು ಅಷ್ಟು ಕಷ್ಟಪಟ್ಟು ಮಾಡಾಕ ಹತ್ತಿದ್ರು. ಹೆಂಗ ಹೇಳಾದು."

ಜಂಬುನಾಥ ಲೋಟ ದೂರ ಸರಿಸಿದ. ಕಚೇರಿಯಲ್ಲಿ ಎಲ್ಲದಕ್ಕೂ ನಗುವ ಮನುಷ್ಯ. ಈಗ ಮುಖದಲ್ಲಿ ಕೋಪವೂ ಇರಲಿಲ್ಲ.

"ನಮ್ಮಪ್ಪನೂ ಹೊಳಿ ದಂಡ್ಯಾಗ ಉಸುಗು ಹೊತ್ತಾನ, ಗೊತ್ತೇನು? ನೀ ಕೂಲಿ ಅಂದಿದ್ರ ನಾ ಏನ್ ಮಾಡ್ತಿದ್ನಿ? ಕಂಟ್ರಾಕ್ಟರ ಅಂತ ಬಾಯಿಗೆ ತುರುಕಿದ್ದು ನಾನ. ಅದು ಹೋಗ್ಲಿ. ಸುಳ್ಳು ಎಲ್ಲಾರೂ ಹೇಳ್ತೀವಿ." ಚಮಚವನ್ನು ಮೇಜಿನ ಮೇಲಿಟ್ಟ. "ಏಳುಕೋಟಿ ಅಂದಾಗ ಬಾಯಿ ಬಿಡಲಿಲ್ಲಲ್ಲೋ ನೀನು. ಇವ ಸಾಬ್ರ ಹುಡುಗ, ಇವನ ಬಾಯಿನೂ ಬಿಡ್ತು."

ಮೈಲಾರೇಶನ ಲೋಟದಲ್ಲಿ ಬಣ್ಣಗಳೆಲ್ಲ ಕರಗಿ ಒಂದೇ ಕೆಸರಾಗಿದ್ದವು. ಈಗ ಎದ್ದು ಆ ಸ್ಲ್ಯಾಬಿಗೆ ಹೋಗಬಹುದಿತ್ತು. ನಡೆದರೆ ಇಪ್ಪತ್ತು ನಿಮಿಷ. ಊಟಕ್ಕೆ ಕರೆದಿದ್ದರು. ಅವನು ಅದನ್ನು ಲೆಕ್ಕ ಹಾಕಿದ, ಕುಳಿತೇ ಇದ್ದ. ಹೋದರೆ ಏನೆಂದು ಹೋಗುವುದು, ಅತ್ತಿಗೆಯ ಮುಂದೆ ಯಾವ ಮುಖ ಇಟ್ಟುಕೊಂಡು ತಟ್ಟೆ ಹಿಡಿಯುವುದು ಎಂದು ಯೋಚಿಸುವುದರಲ್ಲೇ ಎರಡು ಹೊಡೆಯಿತು, ಮೂರು ಹೊಡೆಯಿತು. ನಾಚಿಕೆಗೂ ಒಂದು ಅನುಕೂಲವಿದೆ. ಅದು ಮನುಷ್ಯನನ್ನು ಕುಳಿತಲ್ಲೇ ಕೂರಿಸುತ್ತದೆ.

ಬಸ್ ನಿಲ್ದಾಣದಲ್ಲಿ ಆರೂವರೆಗೆ ಫೋನು ಬಂತು. ಅಣ್ಣ. ಮೈಲಾರೇಶ ಬ್ಯಾಗು ಇಸ್ರಾರನ ಪಕ್ಕದಲ್ಲಿಟ್ಟು ಕಂಬದ ಮರೆಗೆ ಹೋದ.

"ಬಸ್ಸು ಹತ್ತಿದೇನೋ ತಮ್ಮಾ?"

"ಇನ್ನೂ ಇಲ್ಲ. ಸ್ಲ್ಯಾಬ್ ಮುಗೀತೇನು?"

"ಮಿಕ್ಸರ್ ಮತ್ತ ಕೆಟ್ಟಿತ್ತು, ಈಗ ಮುಗೀತು. ಚೆಂದ ಬಂತು." ಆ ಕಡೆ ಜನ ಉಣ್ಣುವ ಸದ್ದು, ಯಾರದೋ ನಗು. ಹುಲುಗೇಶ ಸದ್ದಿನಿಂದ ದೂರ ಬಂದಿರಬೇಕು, ದನಿ ಸ್ಪಷ್ಟವಾಯಿತು. "ತಮ್ಮಾ, ತಪ್ಪಾತೋ. ಅಷ್ಟೊತ್ತು ಎಲ್ಲ ಸರಿ ಮಾಡಿದ್ನೆಲ್ಲ? ಬೀಚಿನ್ಯಾಗ ಅವ್ರು ನಕ್ಕರು ನೋಡು, ನಂಬಿದ್ರು. ಆ ಓಬಳೇಶಪ್ಪ ಕೂಗಿಬಿಟ್ಟ. ಕೂಗಿದ ಮ್ಯಾಲೆ ಸುಮ್ನ ಇರಾಕ ಬರಂಗಿಲ್ಲ ನೋಡು, ಬಾಯಿ ತಾನ ಬಿಟ್ಟುಬಿಡ್ತತಿ. ನಿನ್ನ ಮರ್ಯಾದಿ ಕಳದ್ನಿ. ಬಿಲ್ಡಿಂಗು ತೋರ್ಸಾಕ ಹೋಗಬಾರ್ದಾಗಿತ್ತು. ನಂದ ತಪ್ಪು."

ಮೈಲಾರೇಶ ಕಂಬದ ಸುಣ್ಣವನ್ನು ಉಗುರಿನಿಂದ ಕೆರೆದ. ಅವನ ಬಾಯಿಂದ ಬಂದದ್ದು ಎರಡೇ ಮಾತು.

"ಇರ್ಲಿ ಬಿಡಣ್ಣ."

"ಸಿಟ್ಟಿಲ್ಲಲ್ಲ?"

"ಇಲ್ಲ."

"ಹಂಗಾರ ಸರಿ. ಜ್ವಾಪಾನ ಹೋಗು" ಎಂದು ಹುಲುಗೇಶ ಸಮಾಧಾನದಿಂದ ಫೋನಿಟ್ಟ.

ಕಂಬದ ಮರೆಯಲ್ಲೇ ಅವನಿಗೆ ತಿಳಿಯಿತು, ತಾನೀಗ ಏನು ಮಾಡಿದೆ ಎಂದು. ತಾನು ಅಣ್ಣನನ್ನು ಕ್ಷಮಿಸಿದ್ದ. ಮತ್ತೆ ಫೋನು ಹಚ್ಚಲು ನಂಬರು ತೆಗೆದ. ಬೆರಳು ಅದರ ಮೇಲೆ ನಿಂತಿತು. ಬಸ್ಸು ಬಂದು ನಿಂತಿತು. ಕಂಡಕ್ಟರು ಹರಿಹರ, ಹರಪನಹಳ್ಳಿ, ಕೊಟ್ಟೂರು ಎಂದು ಕೂಗತೊಡಗಿದ. ಮೊಬೈಲು ಕಿಸೆಗೆ ಹೋಯಿತು.

"ಏನಂದ ನಿಮ್ಮಣ್ಣ?" ಎಂದು ಕೇಳಿದ ಜಂಬುನಾಥ.

ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ.

"ತಪ್ಪಾತು ಅಂದ."

"ನೀ ಏನಂದಿ?"

"ಇರ್ಲಿ ಬಿಡು ಅಂದ್ನಿ."

ಜಂಬುನಾಥ ಅವನನ್ನೇ ನೋಡುತ್ತ ನಿಂತ. ತನ್ನ ಬ್ಯಾಗು ಎತ್ತಿಕೊಂಡು ಬಸ್ಸು ಹತ್ತಿ, ಮೂವರು ಕೂರುವ ಸೀಟು ದಾಟಿ, ಹಿಂದೆ ಗುರುತಿಲ್ಲದವರ ಪಕ್ಕ ಹೋಗಿ ಕುಳಿತ. ಇಸ್ರಾರ ಕಿಟಕಿಯ ಬದಿ ಕುಳಿತು, ಕಾಲ ಬಳಿಯಿಂದ ಬಿಳಿ ಅರಿವೆಯ ಗಂಟನ್ನು ಎತ್ತಿ ಮೈಲಾರೇಶನ ತೊಡೆಯ ಮೇಲಿಟ್ಟ. ಲಾಡ್ಜಿನಲ್ಲಿ ಬಿಟ್ಟು ಬಂದದ್ದನ್ನು ಅವನು ತಂದಿದ್ದ.

"ಎರಡು ಅದಾವ" ಅಂದ. "ನೀನ ಉಂಡಿಲ್ಲ."